ತೂತಿನ ಸಾಸಿವೆ

ಶೋಳಿಂಗನಲ್ಲೂರಿನ ಈ ಫ್ಲ್ಯಾಟಿಗೆ ಬಂದಾಗ ಮಗಳು ಒಳಗಿನ ಸಣ್ಣ ಕೋಣೆಯೊಂದನ್ನು ನನ್ನ ಮಣಿ ಕೆಲಸಕ್ಕೆಂದು ಸಜ್ಜು ಮಾಡಿಸಿದ್ದಳು. ಗೋಡೆಯುದ್ದಕ್ಕೂ ಬಿಳಿಯ ಹಲಗೆ, ಹಲಗೆಯ ಮೇಲೆ ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಡಬ್ಬಿ, ಪ್ರತಿ ಡಬ್ಬಿಗೂ ಅಚ್ಚುಕಟ್ಟಾದ ಚೀಟಿ. ಮೊಬೈಲಿನಲ್ಲಿ ಯಾರ್ಯಾರೋ ತಮ್ಮ ಮನೆಯ ಕೋಣೆ ತೋರಿಸುವುದನ್ನು ನೋಡಿ ಕಲಿತದ್ದಂತೆ. ಪ್ರೀತಿಯಿಂದ ಮಾಡಿಸಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಹಗಲು ಹನ್ನೆರಡು ಗಂಟೆಗೂ ದೀಪ ಹಾಕಿಕೊಂಡೇ ಕೂರಬೇಕು. ಮಣಿ ಪೋಣಿಸುವವಳಿಗೆ ಬೆಳಕಿಲ್ಲದ ಕೋಣೆ ಕೊಟ್ಟು ಚೀಟಿ ಅಂಟಿಸಿದರೆ ಏನು ಬಂತು? ನಾನು ಮರುದಿನವೇ ಡಬ್ಬಿಗಳನ್ನೆಲ್ಲ ಹೊತ್ತು ತಂದು ಹಾಲಿನಲ್ಲಿ ಊಟದ ಮೇಜಿನ ಪಕ್ಕ, ದೊಡ್ಡ ಕಿಟಕಿಯ ಕೆಳಗೆ ಜೋಡಿಸಿದೆ.

"ಹಾಲ್‌ಲ ಎದುಕ್ಕುಮ್ಮಾ? ವರ್ರವಂಗ ಎನ್ನ ನೆನೈಪ್ಪಾಂಗ?" ಎಂದಳು ಮಗಳು.

ಅವಳಿಗೆ ನನ್ನ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ ಬರುತ್ತದೆ. ಹಾಲಿನಲ್ಲೇ ಯಾಕೆ, ಬಂದವರು ಏನಂದುಕೊಳ್ಳುತ್ತಾರೆ ಎಂಬುದು ಅವಳ ಚಿಂತೆ.

"ಬಂದವರು ಊಟ ಮಾಡಿ ಹೋಗ್ತಾರೆ. ಇಲ್ಲೇ ಇರುವವಳು ನಾನು," ಎಂದೆ.

ಹೇಳಿದ ಮೇಲೆ ನನಗೇ ನಗು ಬಂತು. ಆ ಮಾತು ನನ್ನದಲ್ಲ. ಅದು ಅಮ್ಮನದು, ಸ್ವರ ಕೂಡ ಅಮ್ಮನದೇ. ನನ್ನನ್ನು ಹಟಮಾರಿ ಎನ್ನುವವರು ಬಹಳ ಜನ. ಹಟ ನನಗೆ ಹುಟ್ಟಿನಿಂದ ಬಂದದ್ದಲ್ಲ, ಮದರಾಸಿನ ವಡಪಳನಿಯ ಒಂದು ಹಾಲಿನಲ್ಲಿ ನೆಲದ ಮೇಲೆ ಕೂತು ಊಟ ಮಾಡುತ್ತಾ ಕಲಿತದ್ದು.

ಮುರುಗನ ಗುಡಿಯ ಹಿಂದಿನ ಸಂದಿಯಲ್ಲಿ ಮಹಡಿಯ ಮೇಲಿನ ಪೋರ್ಶನ್ ನಮ್ಮದು. ಒಂದು ಹಾಲು, ಹಿಂದೆ ಒಂದು ಕತ್ತಲೆ ಅಡುಗೆಮನೆ, ಬಟ್ಟೆ ಒಣಗಿಸಲು ಕೈಯಗಲದ ವರಾಂಡ. ಮಲಗುವುದು, ಓದುವುದು, ದೇವರಿಗೆ ದೀಪ ಹಚ್ಚುವುದು, ಉಣ್ಣುವುದು ಎಲ್ಲ ಆ ಹಾಲಿನಲ್ಲೇ. ಕೆಂಪು ಗಾರೆಯ ನೆಲ. ಬೀದಿಯ ಕಡೆಗೆ ಒಂದೇ ಒಂದು ಕಿಟಕಿ. ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಎದ್ದರೆ ಅದು ಮನೆಯೊಳಗೆ ಬರುತ್ತಿದ್ದುದು ಆ ಕಿಟಕಿಯಿಂದ ಮಾತ್ರ. ಮನೆಯಲ್ಲಿ ನಾನು, ಅಪ್ಪ, ಅಮ್ಮ, ಮತ್ತು ಅಪ್ಪನ ಅಮ್ಮ, ಅಂದರೆ ಅಜ್ಜಿ. ಅಪ್ಪನಿಗೆ ಪ್ಯಾರೀಸ್ ಕಾರ್ನರಿನ ಒಳಬೀದಿಯ ಹೋಟೆಲಿನಲ್ಲಿ ಕೆಲಸ. ಹೋಟೆಲು ದೊಡ್ಡಪ್ಪನದು. ಉಡುಪಿ ಕಡೆಯಿಂದ ಮೊದಲು ಬಂದವರು ದೊಡ್ಡಪ್ಪ, ಅವರ ಹಿಂದೆ ಬಂದವನು ಅಪ್ಪ. ಬಹಳ ಕಾಲ ಸಪ್ಲೈಯರ್ ಆಗಿ ಬಡಿಸಿ, ಆಮೇಲೆ ಗಲ್ಲಾದಲ್ಲಿ ಕೂರುವ ಮಟ್ಟಕ್ಕೆ ಏರಿದವನು. ದೊಡ್ಡಮ್ಮ ಮತ್ತು ಮಕ್ಕಳು ಊರಿನಲ್ಲಿ. ದೊಡ್ಡಪ್ಪನ ವಾಸ ಹೋಟೆಲಿನ ಮೇಲಿನ ಕೋಣೆಯಲ್ಲಿ.

ಭಾನುವಾರ ಆ ಪೇಟೆಯೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಸಗಟು ಅಂಗಡಿಗಳಿಲ್ಲದಿದ್ದರೆ ಗಿರಾಕಿಯಿಲ್ಲ, ಗಿರಾಕಿಯಿಲ್ಲದಿದ್ದರೆ ಹೋಟೆಲಿಲ್ಲ. ಹೀಗಾಗಿ ವಾರವಿಡೀ ಊರಿಗೆ ಅನ್ನ ಹಾಕುವ ದೊಡ್ಡಪ್ಪ ಭಾನುವಾರ ಬಸ್ಸು ಹಿಡಿದು ನಮ್ಮ ಮನೆಗೆ ಉಣ್ಣಲು ಬರುತ್ತಿದ್ದರು. ಕೈಯಲ್ಲಿ ಬಾದುಷಾದ ಪೊಟ್ಟಣ, ಹೆಗಲಲ್ಲಿ ಇಸ್ತ್ರಿ ಮಾಡಿದ ಟವೆಲು. ಅವರ ಎಲೆ ಕಿಟಕಿಯ ಕೆಳಗೆ. ಅದು ಮೊದಲ ಎಲೆ. ಅಲ್ಲಿ ಗಾಳಿ, ಅಲ್ಲಿ ಬೆಳಕು, ಅಲ್ಲಿ ಗೌರವ. ಪಕ್ಕದಲ್ಲಿ ಅಪ್ಪನ ಎಲೆ, ಆಮೇಲೆ ನನ್ನದು. ಅಪ್ಪ ಭಾನುವಾರ ಸಾಂಬಾರಿನ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದ. ವಾರವಿಡೀ ಅದರ ವಾಸನೆಯಲ್ಲೇ ಬೇಯುವವನಿಗೆ ಮನೆಯಲ್ಲಿ ತಂಬುಳಿ, ತೆಂಗಿನಕಾಯಿ ಹಾಕದ ಗುಳ್ಳಬದನೆಯ ಬೋಳುಹುಳಿ, ಬಸಳೆಯ ಪಲ್ಯ ಬೇಕಿತ್ತು. ಗಂಡಸರ ಊಟ ಮುಗಿದು, ಎಲೆ ತೆಗೆದು, ನೆಲ ಒರೆಸಿದ ಮೇಲೆ ಅಮ್ಮ ಮತ್ತು ಅಜ್ಜಿ ಅಡುಗೆಮನೆಯ ಹೊಸ್ತಿಲ ಹತ್ತಿರ ಉಣ್ಣುತ್ತಿದ್ದರು. ಅಮ್ಮ ಭಾನುವಾರ ಬಿಸಿ ಅನ್ನ ಉಂಡದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಉಳಿದ ದಿನಗಳಲ್ಲಿ ಆ ಕಿಟಕಿಯ ಜಾಗ ಅಮ್ಮನದು. ನಮ್ಮ ಬೀದಿಯಲ್ಲೇ ಸಿನಿಮಾಕ್ಕೆ ಉಡುಪು ಹೊಲಿಯುವ ಟೈಲರ್ ಮಾಸ್ಟರ್ ಒಬ್ಬರಿದ್ದರು. ಗುಂಪಿನಲ್ಲಿ ಕುಣಿಯುವ ಹುಡುಗಿಯರ ರವಿಕೆಗೆ, ದಾವಣಿಯ ಅಂಚಿಗೆ ಮಣಿ ಮತ್ತು ಚಮಕಿ ಕೂರಿಸುವ ಕೆಲಸವನ್ನು ಅವರು ಮನೆಗಳಿಗೆ ಕೊಡುತ್ತಿದ್ದರು. ಎದುರು ಪೋರ್ಶನ್ನಿನ ಅಕ್ಕ ಕಲಿಸಿದ ವಿದ್ಯೆ, ಅಮ್ಮ ಅವಳನ್ನೂ ಮೀರಿಸಿದಳು. ನಾಲ್ಕು ಕಾಲಿನ ಮರದ ಚೌಕಟ್ಟಿಗೆ ಬಟ್ಟೆಯನ್ನು ತಮಟೆಯಷ್ಟು ಬಿಗಿಯಾಗಿ ಕಟ್ಟಿ, ಮೇಲಿನಿಂದ ಸೂಜಿ ಇಳಿಸಿ ಕೆಳಗಿನ ಕೈಯಿಂದ ಎಳೆಯುತ್ತಾ ಕೂತರೆ ಅವಳಿಗೆ ಲೋಕದ ಪರಿವೆ ಇರುತ್ತಿರಲಿಲ್ಲ. ಒಮ್ಮೆ ನಮ್ಮನ್ನೆಲ್ಲ ಟಾಕೀಸಿಗೆ ಕರೆದುಕೊಂಡು ಹೋಗಿ, ಹಾಡು ಬಂದಾಗ ನನ್ನ ಮೊಣಕೈ ತಿವಿದು, "ಎರಡನೇ ಸಾಲಿನಲ್ಲಿ ಎಡಗಡೆಯವಳು, ಅವಳ ರವಿಕೆ ನನ್ನದು," ಎಂದಿದ್ದಳು. ನಾಯಕಿಯ ಮುಖ ಯಾರಿಗೆ ಬೇಕು? ನಾವು ಇಡೀ ಹಾಡು ಎರಡನೇ ಸಾಲನ್ನೇ ನೋಡಿದೆವು.

ಆದರೆ ಶನಿವಾರ ಸಂಜೆ ಬಂತೆಂದರೆ ಅಂಗಡಿ ಎತ್ತಬೇಕಿತ್ತು. ಕಟ್ಟಿದ ಬಟ್ಟೆ ಬಿಚ್ಚಿ, ಚೌಕಟ್ಟನ್ನು ವರಾಂಡಕ್ಕೆ ಸಾಗಿಸಿ, ದಾರದುಂಡೆ, ಚಮಕಿ, ಅರ್ಧ ಮುಗಿದ ರವಿಕೆ ಎಲ್ಲವನ್ನೂ ಟ್ರಂಕಿಗೆ ತುರುಕಿ, ಒಂದು ಮಣಿಯೂ ಉಳಿಯದ ಹಾಗೆ ನೆಲ ಗುಡಿಸಿ ಒರೆಸಬೇಕು. ಸೋಮವಾರ ಮತ್ತೆ ಎಲ್ಲ ಹೊರಗೆ. ಒಮ್ಮೆ ಬಿಚ್ಚಿದ ಬಟ್ಟೆ ಮತ್ತೆ ಕಟ್ಟಿದರೆ ಮೊದಲಿನ ಬಿಗಿ ಬರುವುದಿಲ್ಲ, ಹೂವಿನ ಎಸಳು ಒಂದು ಕಡೆಗೆ ಸೊಟ್ಟಗಾಗುತ್ತದೆ. ಮಾಸ್ಟರ್ ಬೈಯುತ್ತಿದ್ದರು. ಅಮ್ಮ ಈ ಮಾತೆತ್ತಿದಾಗಲೆಲ್ಲ ಅಜ್ಜಿಯದು ಒಂದೇ ಉತ್ತರ.

"ವಾರಕ್ಕೆ ಒಂದು ದಿನ ಅಲ್ವಾ ಮಾರಾಯ್ತಿ. ಒಂದು ದಿನ ಎತ್ತಿಟ್ರೆ ನಿನ್ನದೆಂತ ಹೋಗ್ತದೆ?"

ಹೋಗುವುದು ಏನೆಂದು ಅಮ್ಮನಿಗೆ ಗೊತ್ತಿತ್ತು. ಹೇಳಿದರೆ ಕೇಳುವವರು ಇರಲಿಲ್ಲ.

ಅಪ್ಪ ಪ್ಯಾರೀಸ್ ಕಾರ್ನರಿನ ಪಾತ್ರೆ ಅಂಗಡಿಯಿಂದ ಸ್ಟೀಲಿನ ಎರಡು ಒಗ್ಗರಣೆ ಡಬ್ಬಿ ತಂದಿದ್ದ. ದುಂಡು ಡಬ್ಬಿ, ಒಳಗೆ ಸುತ್ತಲೂ ಸಣ್ಣ ಬಟ್ಟಲು, ನಡುವೆ ಒಂದು. ಒಂದು ಡಬ್ಬಿ ಅಡುಗೆಮನೆಗೆ ಹೋಯಿತು. ಇನ್ನೊಂದನ್ನು ಅಮ್ಮ ತನಗೆಂದು ಇಟ್ಟುಕೊಂಡು, ಜೀರಿಗೆ ಮೆಂತ್ಯ ಇರಬೇಕಾದಲ್ಲಿ ಬಂಗಾರದ ಬಣ್ಣದ್ದು, ಹಸಿರು, ಬಿಳಿ ಮಣಿಗಳನ್ನು ತುಂಬಿದಳು. ನಡುವಿನ ಬಟ್ಟಲಲ್ಲಿ ಹೆಚ್ಚು ಬಳಕೆಯಾಗುವ ಕಪ್ಪು ಗಾಜಿನ ಮಣಿ. ಅಡುಗೆಮನೆಯ ಡಬ್ಬಿಯಲ್ಲೂ ನಡುವಿನ ಬಟ್ಟಲು ಹೆಚ್ಚು ಬಳಕೆಯಾಗುವ ಸಾಸಿವೆಯದೇ. ಒಂದು ಶನಿವಾರ ಗಡಿಬಿಡಿಯಲ್ಲಿ ಎತ್ತಿಡುವಾಗ ಅಮ್ಮನ ಡಬ್ಬಿ ಟ್ರಂಕಿನ ಒಳಗೆ ಹೋಗದೆ ಮೇಲೆಯೇ ಉಳಿಯಿತು. ಮರುದಿನ ಬೆಳಿಗ್ಗೆ ಅಜ್ಜಿ ಅದನ್ನು ಕಂಡು, ಅಡುಗೆಯ ಡಬ್ಬಿ ಇಲ್ಲಿಗೆ ಯಾಕೆ ಬಂತು ಎಂದು ಗೊಣಗುತ್ತಾ ಒಯ್ದು ಒಲೆಯ ಪಕ್ಕದಲ್ಲಿಟ್ಟರು. ಅಜ್ಜಿಯ ಕಣ್ಣು ಆಗಲೇ ಮಂಜಾಗಿತ್ತು, ಅಡುಗೆಮನೆಯಲ್ಲಿ ಬೆಳಕೂ ಇರಲಿಲ್ಲ.

ಹಿರಿಯ ಮಗನ ಎಲೆಗೆ ಬೀಳುವ ತಂಬುಳಿಗೆ ಒಗ್ಗರಣೆ ತನ್ನ ಕೈಯದೇ ಆಗಬೇಕೆಂದು ಅಜ್ಜಿಯ ಹಟ. ಅಮ್ಮ ಹಾಲಿನಲ್ಲಿ ಎಲೆ ಹಾಕುತ್ತಿದ್ದಳು. ಒಳಗಿನಿಂದ ಅಜ್ಜಿಯ ಸ್ವರ ಕೇಳಿತು.

"ಈ ಸಾಸಿವೆ ಸಿಡಿಯುದೇ ಇಲ್ಲ. ಹಳತು ಕಾಣ್ತದೆ."

ಸಿಡಿಯದ ಸಾಸಿವೆಗೆ ಇನ್ನೊಂದು ಚಮಚ ಸೇರಿಸಿ, ಎಣ್ಣೆ ಹೊಗೆಯಾಡುವವರೆಗೆ ಕಾದು, ಕೊನೆಗೆ ಬೇಸತ್ತು ಹಾಗೆಯೇ ಸುರಿದರು. ಬಿಳಿಯ ತಂಬುಳಿಯ ಮೇಲೆ ಕಪ್ಪು ಚುಕ್ಕೆ ಚೆನ್ನಾಗಿಯೇ ಕಂಡಿರಬೇಕು. ದೊಡ್ಡಪ್ಪ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಕಟಕ್ಕೆಂದು ಸದ್ದಾಯಿತು. ಅವರು ಅಗಿಯುವುದನ್ನು ನಿಲ್ಲಿಸಿ, ನಾಲಗೆಯ ತುದಿಯಿಂದ ಏನನ್ನೋ ಹೊರಗೆ ತಂದು, ಎರಡು ಬೆರಳಿನ ನಡುವೆ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನೋಡಿದರು.

"ಶೀನ, ಸಾಸಿವೆಗೆ ತೂತು ಇರ್ತದಾ?" ಎಂದು ಅಪ್ಪನನ್ನು ಕೇಳಿದರು.

ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ನನ್ನ ತೊಡೆ ಚಿವುಟಿದ. ದೊಡ್ಡಪ್ಪ ನಗುವ ಸ್ಥಿತಿಯಲ್ಲಿರಲಿಲ್ಲ. ತಮ್ಮನ ಹೆಂಡತಿಯ ಜೊತೆ ಅವರು ನೇರ ಮಾತಾಡುವ ರೂಢಿಯಿಲ್ಲ. ಎದುರಿಗೇ ನಿಂತಿದ್ದರೂ ಹೇಳಬೇಕಾದ್ದನ್ನು ಅಪ್ಪನಿಗೆ ಹೇಳುತ್ತಿದ್ದರು.

"ಅವಳಿಗೆ ಹೇಳು. ನಮ್ಮದು ಅನ್ನದ ಕಸುಬು. ಗಿರಾಕಿಯ ಎಲೆಯಲ್ಲಿ ಒಂದು ಕೂದಲು ಸಿಕ್ಕಿದ್ರೆ ನಾನು ಅಡುಗೆ ಭಟ್ರನ್ನು ನಿಲ್ಲಿಸಿ ಕೇಳ್ತೇನೆ. ತಮ್ಮನ ಮನೆಯಲ್ಲಿ ನನಗೇ ಮಣಿ ಬಡಿಸಿದ್ರೆ ಯಾರನ್ನು ಕೇಳುದು? ಬರುವ ಭಾನುವಾರದ ಒಳಗೆ ಆ ಸಿನಿಮಾದ ಸಾಮಾನೆಲ್ಲ ಈ ಮನೆಯಿಂದ ಹೊರಗೆ ಹೋಗ್ಬೇಕು. ಕೆಲಸವೂ ಬೇಡ, ಡಬ್ಬಿಯೂ ಬೇಡ."

ಅಮ್ಮ ಬಗ್ಗಿ, ದೊಡ್ಡಪ್ಪ ಎಲೆಯ ಅಂಚಿನಲ್ಲಿಟ್ಟಿದ್ದ ಆ ಮಣಿಯನ್ನು ಎತ್ತಿಕೊಂಡಳು. ವರಾಂಡಕ್ಕೆ ಹೋಗಿ ತೊಳೆದಳು. ಸೆರಗಿನಲ್ಲಿ ಒರೆಸಿ, ಅಡುಗೆಮನೆಯಿಂದ ತನ್ನ ಡಬ್ಬಿ ತಂದು ಅದರೊಳಗೆ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ ಅಪ್ಪನ ಮುಖ ನೋಡದೆ ದೊಡ್ಡಪ್ಪನಿಗೇ ನೇರ ಹೇಳಿದಳು.

"ಭಾವಯ್ಯ, ನನ್ನ ಡಬ್ಬಿ ಅದರ ಜಾಗದಲ್ಲಿ ಇದ್ದಿದ್ರೆ ಅಡುಗೆಮನೆಗೆ ಹೋಗ್ತಿರ್ಲಿಲ್ಲ. ವಾರ ವಾರ ಎತ್ತಿಡುದಕ್ಕೇ ಅದು ಅಲ್ಲಿಗೆ ಹೋದದ್ದು. ಇನ್ನು ಮೇಲೆ ನಾನು ಎತ್ತುದಿಲ್ಲ."

"ನೀನು ಒಳಗೆ ಹೋಗು ಮಾರಾಯ್ತಿ," ಎಂದ ಅಪ್ಪ.

ಅವಳು ಒಳಗೆ ಹೋದಳು. ಆದರೆ ಹೇಳುವುದನ್ನು ಹೇಳಿಯೇ ಹೋದಳು. ಅಪ್ಪನ ಮುಖ ಬಿಳಿಚಿಕೊಂಡಿತ್ತು. ಅಣ್ಣ ಎಂದರೆ ಯಜಮಾನ, ಯಜಮಾನ ಎಂದರೆ ನಮ್ಮ ಅಕ್ಕಿ ಬೇಳೆ. ಅಮ್ಮನಿಗೂ ಇದು ಗೊತ್ತಿತ್ತು.

ಆ ವಾರ ಅಮ್ಮ ಕಿಟಕಿಯ ಮೂಲೆಯನ್ನು ಕಟ್ಟಿದಳು ಎನ್ನಬೇಕು. ಜೋಡಿಸಿದಳು ಎಂದರೆ ಸಾಲದು. ಹೋಟೆಲಿನಿಂದ ಹಳೆಯ ಕಾಫಿಪುಡಿ ಡಬ್ಬಗಳು ಮನೆಗೆ ಬಂದಿದ್ದವು, ಅವನ್ನು ತೊಳೆದು ಒಣಗಿಸಿ ಗೋಡೆಗೆ ಸಾಲಾಗಿ ನಿಲ್ಲಿಸಿ ಬಣ್ಣಕ್ಕೊಂದರಂತೆ ದಾರದುಂಡೆ ಹಾಕಿದಳು. ಬಿಡಿ ಚಮಕಿಗೆ ಒಡೆದ ಹಿಡಿಯ ಚಟ್ನಿ ಸೌಟುಗಳು. ಸಪ್ಲೈಯರುಗಳು ಚಟ್ನಿ, ಸಾಂಬಾರು, ಪಲ್ಯ ಎಲ್ಲವನ್ನೂ ಒಂದೇ ಕೈಯಲ್ಲಿ ಹಿಡಿದು ಬಡಿಸುವ ನಾಲ್ಕು ಬಟ್ಟಲಿನ ತೂಗು ಒಂದು ನಮ್ಮ ಅಟ್ಟದಲ್ಲಿ ಮೂಲೆ ಸೇರಿತ್ತು, ಅಪ್ಪ ಬಡಿಸುತ್ತಿದ್ದ ಕಾಲದ್ದು. ಅದನ್ನು ಕಿಟಕಿಯ ಸರಳಿಗೆ ನೇತುಹಾಕಿ ಕತ್ತರಿ, ಸೂಜಿ, ಮೇಣ, ಅಳತೆ ಟೇಪು ಇಟ್ಟಳು. ಕಪ್ಪು ಮಣಿಯ ಡಬ್ಬಿಯ ಮುಚ್ಚಳಕ್ಕೆ ಕೆಂಪು ಬಟ್ಟೆ ಸುತ್ತಿ ಹೊಲಿದಳು, ಅಜ್ಜಿ ಕೈಯಿಟ್ಟರೂ ತಿಳಿಯಬೇಕೆಂದು. ಕಡೆಗೆ ಟೈಲರ್ ಮಾಸ್ಟರರಿಂದ ಸುತ್ತಿಗೆ ತಂದು, ಚೌಕಟ್ಟಿನ ಎರಡು ಕಾಲನ್ನು ಕಿಟಕಿಯ ಮರಕ್ಕೆ ಸೇರಿಸಿ ಮೊಳೆ ಹೊಡೆದಳು. ನಾನು ಮೊಳೆ ಹಿಡಿದುಕೊಂಡಿದ್ದೆ. ಅಷ್ಟು ಸಂತೋಷದ ಕೆಲಸ ನಾನು ಆ ವಯಸ್ಸಿನಲ್ಲಿ ಬೇರೆ ಮಾಡಿರಲಿಲ್ಲ. ಅಪ್ಪ ಮನೆಗೆ ಬಂದವನು ನೋಡಿದ, ಬಗ್ಗಿ ಅಲ್ಲಾಡಿಸಿದ, ಅದು ಅಲ್ಲಾಡಲಿಲ್ಲ.

"ಮೊಳೆ ಹೊಡೆದಿದ್ದೀಯಾ?"

"ಹೊಡೆದೆ."

"ಅಣ್ಣ ಬಂದ್ರೆ ಎಲ್ಲಿ ಕೂತ್ಕೊಳ್ಳುದು?"

"ಅವರು ಉಂಡು ಹೋಗ್ತಾರೆ. ಇಲ್ಲೇ ಇರುವವಳು ನಾನು."

ಅಪ್ಪ ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತ.

ಭಾನುವಾರ ಬಂತು. ಅಮ್ಮ ಬೆಳಿಗ್ಗೆಯೇ ಊರಿನಿಂದ ಬಂದಿದ್ದ ಗುಳ್ಳದ ಬೋಳುಹುಳಿ ಮಾಡಿದಳು, ಕಡಲೆಬೇಳೆ ಪಾಯಸ ಮಾಡಿದಳು. ಅಡುಗೆಯಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ಆದರೆ ಎಲೆಗಳನ್ನು ಒಳಗೋಡೆಯ ಬದಿಗೆ ಹಾಕಿದಳು. ದೊಡ್ಡಪ್ಪ ಬಾದುಷಾದ ಪೊಟ್ಟಣ ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆಗೆ ಎರಡು ಹೆಜ್ಜೆ ಇಟ್ಟು ನಿಂತರು. ಅರ್ಧ ಮುಗಿದ ಒಂದು ನೀಲಿ ರವಿಕೆ ಚೌಕಟ್ಟಿನ ಮೇಲೆ ಬಿಗಿದುಕೊಂಡು ಫಳಫಳ ಹೊಳೆಯುತ್ತಿತ್ತು.

"ಶೀನ, ನನ್ನ ಎಲೆ ಎಲ್ಲಿ?"

ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು.

"ಅಲ್ಲಿ ಹಾಕಿದ್ದೇನೆ ಭಾವಯ್ಯ. ಫ್ಯಾನಿನ ಗಾಳಿ ಬರ್ತದೆ."

"ಆ ಸಾಮಾನು ತೆಗೀಬೇಕು ಅಂತ ಹೇಳಿದ್ದೆ."

"ತೆಗೀಲಿಕ್ಕೆ ಬರುದಿಲ್ಲ. ಮೊಳೆ ಹೊಡೆದಾಗಿದೆ."

ಅವಳ ಜೊತೆ ತಾನು ನೇರ ಮಾತಾಡಿಬಿಟ್ಟೆನೆಂಬುದು ದೊಡ್ಡಪ್ಪನಿಗೆ ಹೊಳೆದದ್ದು ಆಮೇಲೆ. ಮುಖ ಕೆಂಪಾಯಿತು. ಬಾಗಿಲಿಗೆ ಹೋಗಿ ಚಪ್ಪಲಿಗೆ ಕಾಲು ತೂರಿಸಿದರು.

"ನಾನು ಹೋಟೆಲಿಗೇ ಹೋಗಿ ಉಣ್ತೇನೆ."

"ಇವತ್ತು ಭಾನುವಾರ ಭಾವಯ್ಯ. ಅಲ್ಲಿ ಒಲೆ ಹೊತ್ತಿಸುದಿಲ್ಲ," ಎಂದಳು ಅಮ್ಮ.

ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ನೆಲದ ಮೇಲೆ. ಊರಿಗೆಲ್ಲ ಊಟ ಹಾಕುವ ಮನುಷ್ಯನಿಗೆ ಆ ಹೊತ್ತಿನಲ್ಲಿ ಇಡೀ ಮದರಾಸಿನಲ್ಲಿ ಇದ್ದದ್ದು ನಮ್ಮ ಮನೆಯ ಎಲೆ ಮಾತ್ರ. ಅಜ್ಜಿ ಒಳಗಿನಿಂದ ಅಳುವ ಸ್ವರದಲ್ಲಿ, "ಮಗಾ, ಉಣ್ಣದೆ ಹೋಗ್ಬೇಡ," ಎಂದರು. ಬೋಳುಹುಳಿಯ ಪರಿಮಳ ಬಾಗಿಲವರೆಗೂ ಬಂದಿತ್ತು. ದೊಡ್ಡಪ್ಪ ಚಪ್ಪಲಿ ಬಿಟ್ಟು ಬಂದು ಗೋಡೆಯ ಪಕ್ಕದ ಎಲೆಯ ಮುಂದೆ ಕೂತರು.

ಇಲ್ಲಿಗೆ ಮುಗಿಯಿತೆಂದು ನಾನು ಅಂದುಕೊಂಡಿದ್ದೆ. ಅಮ್ಮ ಉಪ್ಪು, ಪಲ್ಯ, ಅನ್ನ ಬಡಿಸಿದಳು. ಬಡಿಸಿ, ಅನ್ನದ ಪಾತ್ರೆ, ಬೋಳುಹುಳಿಯ ಪಾತ್ರೆ ಮತ್ತು ಸೌಟನ್ನು ಅಪ್ಪನ ಎಲೆಯ ಮುಂದೆ ಇಟ್ಟಳು. ಚೌಕಟ್ಟಿನ ಕೆಳಗೆ ಸುತ್ತಿಟ್ಟಿದ್ದ ಒಂದು ಎಲೆ ತೆಗೆದು ಕಿಟಕಿಯ ಕೆಳಗೆ ಉಳಿದ ಜಾಗದಲ್ಲಿ ಹಾಸಿ, ನೀರು ಚಿಮುಕಿಸಿ, ಕಾಲು ಮಡಚಿ ಕೂತಳು.

"ನನಗೂ ಹಸಿವಾಗ್ತದೆ," ಎಂದಳು.

ಅಪ್ಪ ಊಟಕ್ಕೆ ಮುಂಚೆ ಎಲೆಯ ಸುತ್ತ ನೀರು ಕಟ್ಟುವ ಶಾಸ್ತ್ರಕ್ಕೆಂದು ಅಂಗೈಯಲ್ಲಿ ನೀರು ಹಿಡಿದುಕೊಂಡಿದ್ದ. ಒಮ್ಮೆ ಅಣ್ಣನನ್ನು ನೋಡಿದ. ಒಮ್ಮೆ ಕಿಟಕಿಯ ಕಡೆ ನೋಡಿದ. ಅಪ್ಪ ಅಮ್ಮನನ್ನು ಎಬ್ಬಿಸಿದರೆ ಅವನ ಮುಖ ಮತ್ತೆ ನೋಡುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದ್ದೆ. ಅಪ್ಪ ಅಂಗೈಯ ನೀರನ್ನು ಲೋಟಕ್ಕೆ ಬಿಟ್ಟ. ಎದ್ದ. ಹೆಗಲಿನ ಟವೆಲನ್ನು ಸೊಂಟಕ್ಕೆ ಬಿಗಿದ. ಎಡಗೈಯಲ್ಲಿ ಎರಡೂ ಪಾತ್ರೆ, ಬಲಗೈಯಲ್ಲಿ ಸೌಟು, ಒಂದು ಹನಿ ನೆಲಕ್ಕೆ ಬೀಳದ ಹಾಗೆ ಕಿಟಕಿಯವರೆಗೆ ನಡೆದು ಹೋಗಿ ಅಮ್ಮನಿಗೆ ಅನ್ನ ಬಡಿಸಿದ, ಅದರ ಮೇಲೆ ಬೋಳುಹುಳಿ ಬಡಿಸಿದ. ಗಲ್ಲಾದಲ್ಲಿ ಕೂತು ಇಷ್ಟು ಕಾಲವಾದರೂ ಅವನ ಕೈ ಮರೆತಿರಲಿಲ್ಲ. ಬಡಿಸುವಾಗ ಅಪ್ಪ ಎಷ್ಟು ಚೆಂದ ಕಾಣುತ್ತಾನೆಂದು ನನಗೆ ಆ ದಿನ ಗೊತ್ತಾಯಿತು.

"ನಾಚಿಕೆ ಇಲ್ವಾ ಶೀನ ನಿನಗೆ?" ಎಂದರು ದೊಡ್ಡಪ್ಪ.

"ಊರಿಗೆಲ್ಲ ಬಡಿಸಿದವ ಅಲ್ವಾ ಅಣ್ಣ ನಾನು. ಹೆಂಡತಿಗೆ ಬಡಿಸ್ಲಿಕ್ಕೆ ಎಂತ ನಾಚಿಕೆ? ನಿಮಗೆ ಹುಳಿ ಅನ್ನದ ಮೇಲೆ ಹಾಕುದಾ, ಬದಿಗಾ?"

ದೊಡ್ಡಪ್ಪ ಅನ್ನವನ್ನು ಒಂದು ಕಡೆಗೆ ಸರಿಸಿದರು. ಅಪ್ಪ ಬದಿಗೆ ಬಡಿಸಿದ. ಅಮ್ಮ ಹೊಗೆಯಾಡುವ ಅನ್ನವನ್ನು ಕಲಸಿ, ಬೆರಳು ಸುಟ್ಟುಕೊಂಡು, ಊದಿ ಊದಿ ಉಂಡಳು. ಪಕ್ಕದ ಚೌಕಟ್ಟಿನಲ್ಲಿ ನೀಲಿ ರವಿಕೆ. ಕಿಟಕಿಯಿಂದ ಗಾಳಿ ಬಂದು ಅವಳ ಕೂದಲು ಹಾರಿಸುತ್ತಿತ್ತು. ಪಾಯಸ ಎರಡು ಸಲ ಹಾಕಿಸಿಕೊಂಡಳು.

ಇದು ಬಿಟ್ಟಿಯಾಗಿ ಸಿಗಲಿಲ್ಲ. ಮರುದಿನ ಅಪ್ಪ ಹೋಟೆಲಿಗೆ ಹೋದಾಗ ಗಲ್ಲಾದಲ್ಲಿ ಬೇರೊಬ್ಬರು ಕೂತಿದ್ದರು. ಬಡಿಸಲು ಅಷ್ಟು ಇಷ್ಟವಿದ್ದರೆ ಹೋಟೆಲಿನ ಹಾಲಿನಲ್ಲೇ ಬಡಿಸಲಿ ಎಂದು ದೊಡ್ಡಪ್ಪ ಹೇಳಿದರಂತೆ. ಅಪ್ಪ ಹಳೆಯ ಖಾಕಿ ಚಡ್ಡಿ ತೊಟ್ಟು ಮತ್ತೆ ಸಪ್ಲೈಯರ್ ಆದ. ರಾತ್ರಿ ಮನೆಗೆ ಬಂದರೆ ಪಾದ ಊದಿಕೊಂಡಿರುತ್ತಿತ್ತು. ಅಮ್ಮ ಬಿಸಿನೀರಿಗೆ ಉಪ್ಪು ಹಾಕಿ ಬಕೆಟು ತಂದಿಡುತ್ತಿದ್ದಳು. ಒಮ್ಮೆ ಕೇಳಿದಳು.

"ಬೇಜಾರಾ?"

"ಕಾಲು ನೋವುಂಟು. ಬೇಜಾರಿಲ್ಲ."

ನನಗೆ ಬೇಜಾರಿತ್ತು. ದೊಡ್ಡಪ್ಪನ ಬಾದುಷಾವನ್ನು ನಾನು ಎಷ್ಟೋ ವಾರ ಮುಟ್ಟಲಿಲ್ಲ. ಮಳೆಗಾಲ ಕಳೆದ ಮೇಲೆ, ಹೊಸಬನಿಂದ ಗಲ್ಲಾ ಸುಧಾರಿಸದೆ ಅಪ್ಪನನ್ನು ಮತ್ತೆ ಅಲ್ಲಿ ಕೂರಿಸಿದರು. ಅಲ್ಲಿಯವರೆಗೂ ಅಮ್ಮ ಒಂದು ದಿನ ಕೂಡ ಮೊಳೆ ಕೀಳುವ ಮಾತೆತ್ತಲಿಲ್ಲ, ಅಪ್ಪ ಕೂಡ ಎತ್ತಲಿಲ್ಲ. ದೊಡ್ಡಪ್ಪ ಅಮ್ಮನನ್ನು ಕ್ಷಮಿಸಲೇ ಇಲ್ಲ. ಆದರೆ ಭಾನುವಾರ ತಪ್ಪಿಸಲೂ ಇಲ್ಲ. ಬಂದು ಗೋಡೆಯ ಪಕ್ಕ ಕೂತು, ತಂಬುಳಿಯಲ್ಲಿರುವ ಸಾಸಿವೆಯನ್ನು ಉಗುರಿನಿಂದ ಒಂದೊಂದಾಗಿ ಪರೀಕ್ಷಿಸಿ ಉಣ್ಣುತ್ತಿದ್ದರು. ಅಮ್ಮ ಬೇಕೆಂದೇ ಒಂದು ಚಮಚ ಸಾಸಿವೆ ಹೆಚ್ಚು ಹಾಕುತ್ತಿದ್ದಳು. ಮತ್ತು ಕಿಟಕಿಯ ಕೆಳಗೆ ಎಲ್ಲರ ಜೊತೆಯಲ್ಲೇ ಕೂತು ಬಿಸಿಯಾಗಿ ಉಣ್ಣುತ್ತಿದ್ದಳು. ಕೆಲವು ತಿಂಗಳ ಮೇಲೆ ಅಜ್ಜಿಯೂ ತನ್ನ ಎಲೆ ಹಿಡಿದು ಬಂದು ಸೊಸೆಯ ಪಕ್ಕ ಕೂತರು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದರು.

ಹೋದ ಭಾನುವಾರ ಮಗಳ ಅತ್ತೆ ನಮ್ಮಲ್ಲಿಗೆ ಊಟಕ್ಕೆ ಬರುವವರಿದ್ದರು. ಹಿಂದಿನ ಸಂಜೆ ಮಗಳು ಕಿಟಕಿಯ ಹತ್ತಿರ ನಿಂತು ನನ್ನ ಚೌಕಟ್ಟು, ಡಬ್ಬಿ, ದಾರಗಳನ್ನೆಲ್ಲ ಒಂದು ಸುತ್ತು ನೋಡಿದಳು.

"ಒರು ನಾಳ್ ದಾನೇಮ್ಮಾ," ಎಂದಳು.

ಒಂದೇ ದಿನ ತಾನೇ ಎಂದು. ನಾನು ಸೂಜಿ ಕೆಳಗಿಟ್ಟು, ಈ ಕತೆಯನ್ನು ಅವಳಿಗೆ ಪೂರ್ತಿ ಹೇಳಿದೆ. ಕೇಳಿ ಅವಳು ಒಳಗೆ ಹೋದಳು. ಮರುದಿನ ಮೇಜಿನ ಮೇಲೆ ಎಲೆ ಹಾಕಿ, ಬೋಳುಹುಳಿ ಮತ್ತು ಪಾಯಸ ಮಾಡಿ, ನಾನೂ ಎಲ್ಲರ ಜೊತೆ ಕೂರಲು ಸೆರಗು ಸಿಕ್ಕಿಸಿಕೊಂಡೆ. ಬೀಗಿತ್ತಿ ಒಳ್ಳೆಯ ಹೆಂಗಸು. ಗಾಳಿ ಕಂಡು ಸಹಜವಾಗಿಯೇ ಕಿಟಕಿಯ ಕಡೆಯ ಕುರ್ಚಿ ಎಳೆಯಲು ಹೋದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ಅವರ ಕೈ ಹಿಡಿದು ಇನ್ನೊಂದು ಕುರ್ಚಿ ತೋರಿಸಿದಳು.

"ಅತ್ತೈ, ನೀಂಗ ಇಂಗ ಉಕ್ಕಾರುಂಗ. ಅದು ಅಮ್ಮಾ ಇಡಂ."

ನೀವು ಇಲ್ಲಿ ಕೂತುಕೊಳ್ಳಿ, ಅದು ಅಮ್ಮನ ಜಾಗ ಎಂದು. ಬಡಿಸಿದವನು ಅಳಿಯ. ಅವನ ಕೈ ಅಪ್ಪನ ಕೈಯಲ್ಲ, ಮೇಜಿನ ಮೇಲೆಲ್ಲ ಚೆಲ್ಲಿದ, ಕಲಿಯುತ್ತಾನೆ. ಕೆಂಪು ಬಟ್ಟೆ ಸುತ್ತಿದ ಅಮ್ಮನ ಡಬ್ಬಿ ಈಗಲೂ ನನ್ನ ಬಲಗೈಯ ಹತ್ತಿರವೇ ಇರುತ್ತದೆ, ದೊಡ್ಡಪ್ಪ ಕಚ್ಚಿದ ಮಣಿ ಅದರೊಳಗೆ ಎಲ್ಲೋ ಇರಬೇಕು. ನೀವೂ ಒಂದು ಭಾನುವಾರ ಊಟಕ್ಕೆ ಬನ್ನಿ. ಕಿಟಕಿಯ ಜಾಗ ಮಾತ್ರ ಕೇಳಬೇಡಿ.